ಬೆಳವದ ಕಂಬ

"ಹೂಂ ದೊರೆ" ಎಂದುಬಿಟ್ಟ ಮೇಲೆ ಮಾರ್ತೊಯೊನಿಗೆ ತನ್ನ ನಾಲಿಗೆಯನ್ನೇ ಕೈಯಲ್ಲಿದ್ದ ಇಕ್ಕಳದಿಂದ ಹಿಡಿದು ಕಿತ್ತೆಸೆಯಬೇಕೆನ್ನಿಸಿತು. ಎಂಟು ಗಂಟೆಯ ಬಿಸಿಲು ಆಗಲೇ ಬೆನ್ನ ಮೇಲೆ ಕೂತಿತ್ತು. ಚಾವಡಿಯ ಮೆಟ್ಟಿಲ ಮೇಲೆ ನಿಂತ ರಾದೆನ್ ತಿರ್ತೊ ತಮ್ಮ ಬೆತ್ತವನ್ನು ಉತ್ತರದ ಗುಡ್ಡಗಳ ಕಡೆ ಚಾಚಿದ್ದರು. ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಊರಿನ ಪಾಲಿಗೆ ಅವರಿನ್ನೂ ಅಮಲ್ದಾರರೇ; ಅವರ ಬೆತ್ತ ಎತ್ತ ಹೋದರೆ ಜನರ ಕಣ್ಣು ಅತ್ತ ಹೋಗುತ್ತದೆ. ಮಾರ್ತೊಯೊನ ಕಣ್ಣೂ ಹೋಯಿತು. ಗುಡ್ಡಗಳ ಆಚೆ ಅರವತ್ತು ಕಿಲೋಮೀಟರು ದೂರದಲ್ಲಿ ಸೋಲೋ ಪಟ್ಟಣ, ಅಲ್ಲಿ ಅರಮನೆ, ಅರಮನೆಯಿಂದ ಸ್ವಲ್ಪ ಈಚೆಗೆ ರೇಡಿಯೋ ನಿಲಯ. ಮನೆಯ ರೇಡಿಯೋಗೆ ಕಟ್ಟುವ ಹೊಸ ಏರಿಯಲ್ ತಂತಿ ನೆಟ್ಟಗೆ ಆ ಕಡೆಗೇ ಹೋಗಬೇಕೆಂದು ಅಪ್ಪಣೆಯಾಗಿತ್ತು. "ನಾವೆಲ್ಲ ಅರಮನೆ ಕಡೆ ಮುಖ ಮಾಡಿ ಕೂರೋರು ಕಣಯ್ಯ. ನಮ್ಮನೆ ತಂತಿ ಅಡ್ಡಡ್ಡ ಮಲಗಿದ್ರೆ ನೋಡಿದೋರು ಏನಂದಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ಒಳಗೆ ಹೋದರು. ಕಾಯುವ ಅಗತ್ಯವೂ ಇರಲಿಲ್ಲ. ಉತ್ತರ ಏನೆಂಬುದು ಇಬ್ಬರಿಗೂ ಗೊತ್ತಿತ್ತು, ಮಾರ್ತೊಯೊನ ತಾಯಿ ಇದೇ ಮನೆಯ ಹಿತ್ತಿಲಲ್ಲಿ ಭತ್ತ ಕುಟ್ಟುತ್ತಿದ್ದ ಕಾಲದಿಂದಲೂ ಗೊತ್ತಿತ್ತು.

ಹತ್ತೊಂಬತ್ತು ವರ್ಷದಿಂದ ಈ ಬೋಳು ಸುಣ್ಣಕಲ್ಲಿನ ಸೀಮೆಯಲ್ಲಿ ಮನೆಮನೆಯ ಮೇಲೆ ತಂತಿ ಎಳೆದವನು ಅವನು. ನಿಲಯದ ಕಡೆಗೆ ತುದಿ ಮಾಡಿ ಕಟ್ಟಿದ ತಂತಿ ನಿಲಯವನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ ಎಂಬುದು ಅವನಿಗೆ ಪುಸ್ತಕದಿಂದಲ್ಲ, ಭುಜದ ನೋವಿನಿಂದ ಗೊತ್ತು. ತಂತಿ ಅಡ್ಡ ಮಲಗಬೇಕು. ಬರುವವರನ್ನು ತಬ್ಬಿಕೊಳ್ಳುವುದಕ್ಕೆ ಎರಡೂ ಕೈ ಅಗಲಿಸುತ್ತೀವಲ್ಲ, ಹಾಗೆ, ಎಂದು ಒಮ್ಮೆ ಅವನು ಏಳು ವರ್ಷದ ಮಗಳು ತುಗಿನೆಮ್‌ಗೆ ಹೇಳಿದ್ದ. ಅವಳು ಅಂಗಳದಲ್ಲಿ ಗುಡ್ಡಕ್ಕೆ ಎದುರಾಗಿ ಕೈ ಅಗಲಿಸಿ ನಿಂತು, ಇನ್ನೂ ಏನೂ ಕೇಳ್ತಿಲ್ಲ ಅಪ್ಪಾ, ಎಂದಿದ್ದಳು. ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ ಹಾಕಿ ಮಲಗುವುದು ಈ ಊರಲ್ಲಿ ಹೆಣಗಳು ಮಾತ್ರ. ಇದನ್ನು ದೊರೆಗೆ ಹೇಳಬಹುದಿತ್ತು. ನಗುತ್ತ ಹೇಳಬಹುದಿತ್ತು, ತಪ್ಪಾದರೆ ಕ್ಷಮಿಸಬೇಕು ಎಂದು ಎರಡು ಸಲ ಸೇರಿಸಿ ಹೇಳಬಹುದಿತ್ತು. ಆದರೆ ಗಂಟಲಲ್ಲಿ ಆ ಮಾತಿಗೆ ದಾರಿಯೇ ಇರಲಿಲ್ಲ. ಹೂಂ ಎನ್ನುವುದಕ್ಕೆ ಮಾತ್ರ ರಾಜಬೀದಿಯಷ್ಟು ದಾರಿ. ಥೂ, ಎಂದುಕೊಂಡು ಅವನು ಏಣಿಯನ್ನು ಹಲಸಿನ ಮರಕ್ಕೆ ಆನಿಸಿದ.

ಅಂಗಳದ ಪೂರ್ವಕ್ಕೆ, ಭತ್ತದ ಕಣಜದ ಪಕ್ಕ, ಆ ಕಂಬ ನಿಂತಿತ್ತು. ಊರಿನಲ್ಲೇ ಎತ್ತರವಾದ ಬಿದಿರು, ತುದಿಯಲ್ಲಿ ಒಂದು ರಾಟೆ, ರಾಟೆಯಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಗೆ ಬೆತ್ತದ ಪಂಜರ, ಪಂಜರದೊಳಗೆ ಒಂದು ಬೆಳವ, ಪಾರಿವಾಳದ ಜಾತಿಯ ಪುಟ್ಟ ಹಕ್ಕಿ. ದಿನಾ ಬೆಳಿಗ್ಗೆ ಪಂಜರವನ್ನು ಆಕಾಶಕ್ಕೆ ಏರಿಸುತ್ತಾರೆ, ಅಲ್ಲಿ ಬಿಸಿಲೂ ಗಾಳಿಯೂ ತಾಗಿ ಹಕ್ಕಿಯ ದನಿ ಹದವಾಗುತ್ತದಂತೆ. ಈ ಹಕ್ಕಿಗೆ ಕ್ಯಾಯಿ ಮೆಂಡುಂಗ್ ಎಂದು ಹೆಸರು. ಕ್ಯಾಯಿ ಎಂದರೆ ಹಿರಿಯರು, ಪೂಜ್ಯರು. ಹಕ್ಕಿ ನೀರು ಕುಡಿದರೆ ಆಳುಗಳು 'ಅವರು ನೀರು ತಗೊಂಡ್ರು' ಎನ್ನುತ್ತಾರೆ. ನಲವತ್ತೇಳು ವರ್ಷದ ಮಾರ್ತೊಯೊ ಈ ಮನೆಯಲ್ಲಿ ಇವತ್ತಿಗೂ 'ಏ, ಇವನೇ'. ಹಲಸಿನ ಮರದಿಂದ ಆ ಕಂಬಕ್ಕೆ ಒಂದು ಗೆರೆ ಎಳೆದರೆ ಅದು ಪಡುವಣದಿಂದ ಮೂಡಣಕ್ಕೆ, ಸೋಲೋಗೆ ಸರಿಯಾಗಿ ಅಡ್ಡ. ದೇವರೇ ಅಳತೆ ಮಾಡಿ ನೆಟ್ಟಿದ್ದರೂ ಇದಕ್ಕಿಂತ ಚೆನ್ನಾಗಿರುತ್ತಿರಲಿಲ್ಲ. ಹೋದ ವಾರ ಜಾಗ ನೋಡಲು ಬಂದಾಗ ಒಂದು ಸಲ, ಒಂದೇ ಸಲ, ಅವನು ಆ ಕಂಬದ ಕಡೆ ಕಣ್ಣು ಹಾಯಿಸಿ, "ಅದು ಎತ್ತರವಾಗಿದೆ ದೊರೆ" ಎಂದಿದ್ದ. ತಿರ್ತೊ ನಕ್ಕಿದ್ದರು. "ಎತ್ತರವಾಗಿರೋದಕ್ಕೇ ಅವರು ಅಲ್ಲಿರೋದು" ಎಂದಿದ್ದರು. ಮಾರ್ತೊಯೊನೂ ನಕ್ಕಿದ್ದ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ನಗು ಮುಖಕ್ಕೆ ಅಂಟಿಕೊಂಡೇ ಇತ್ತು, ಗೋಡೆಗೆ ತಿಕ್ಕಿಯಾದರೂ ತೆಗೆಯಬೇಕೆನ್ನಿಸುವಷ್ಟು.

ಹಲಸಿನ ಕೊಂಬೆಯ ಮೇಲೆ ಕೂತು ಮರಕ್ಕೆ ತಾಗದಂತೆ ತಡೆಯುವ ಪಿಂಗಾಣಿ ಗುಂಡಿಗೆ ತಂತಿ ಸುತ್ತುತ್ತಿದ್ದಾಗ ಕೈಗೆ ಆ ತಂತಿಯ ಗುರುತು ಹತ್ತಿತು. ಮೂರನೆಯ ಸುತ್ತಿನಲ್ಲಿ ಒಂದು ಗಂಟು. ಎಂದೋ ಕಡಿದುಹೋದದ್ದನ್ನು ಹೆಣೆದು ಬೆಸುಗೆ ಹಾಕಿದ ಜಾಗ. ಬೆಸುಗೆ ಅಂದವಾಗಿರಲಿಲ್ಲ, ಏಕೆಂದರೆ ಅದನ್ನು ಹಾಕಿದವಳಿಗೆ ಆಗ ಹನ್ನೆರಡು ವರ್ಷ. ಪೇಟೆಯಿಂದ ತರಿಸಿದ ಹೊಸ ತಂತಿ ಉದ್ದ ಸಾಲದೆ, ಅದರ ಬದಲು ಇವತ್ತು ಬೆಳಿಗ್ಗೆ ಅವನು ತನ್ನ ಮನೆಯ ಕೊಟ್ಟಿಗೆಯಿಂದ ಈ ಹಳೆಯ ಸುರುಳಿಯನ್ನು ಎತ್ತಿಕೊಂಡಿದ್ದ. ಒಲೆಯ ಮುಂದೆ ಮರಗೆಣಸಿನ ಹಿಟ್ಟು ಬೇಯಿಸುತ್ತಿದ್ದ ಹೆಂಡತಿ ಸಮಿರಾ ಅದನ್ನು ನೋಡಿದಳು. ಏನೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ಅದೇ ತಂತಿಯನ್ನು ಅವನು ತಮ್ಮ ಮನೆಯ ಮೇಲಿಂದ ಕಿತ್ತು ಸುತ್ತಿಟ್ಟಾಗಲೂ ಅವಳು ಏನೂ ಹೇಳಿರಲಿಲ್ಲ. ಆದರೆ ಅವತ್ತಿನಿಂದ ಅವನನ್ನು ಕರೆಯುವುದನ್ನು ಬಿಟ್ಟಳು. ಅದುವರೆಗೆ ಅವನು ಅವಳಿಗೆ 'ನೆಮ್ ಅಪ್ಪ', ಅವಳು ಅವನಿಗೆ 'ನೆಮ್ ಅಮ್ಮ'. ಗಂಡಹೆಂಡಿರು ಒಬ್ಬರನ್ನೊಬ್ಬರು ಬೇರೆ ಹೇಗೆ ತಾನೆ ಕರೆಯುತ್ತಾರೆ? ಈಗ ಅವಳು ಊಟಕ್ಕೆ ಕರೆಯಬೇಕಾದರೆ ತಟ್ಟೆಯನ್ನು ಸದ್ದಾಗುವಂತೆ ಇಡುತ್ತಾಳೆ. ಬಾಗಿಲಿಗೆ ಗಿರಾಕಿ ಬಂದರೆ ಕೆಮ್ಮುತ್ತಾಳೆ. ಜಗಳವಾಡಲಿ, ಅಳಲಿ, ತಟ್ಟೆಯನ್ನು ತಲೆಯ ಮೇಲೇ ಒಡೆಯಲಿ ಎಂದು ಅವನು ಎಷ್ಟೋ ಸಲ ಬಯಸಿದ್ದಾನೆ. ಬೆಳಿಗ್ಗೆ ಅವನು ಹೊಸ್ತಿಲು ದಾಟುವಾಗ ಅವಳು ಒಲೆಗೆ ಹೇಳಿದಂತೆ ಹೇಳಿದಳು: "ಹನ್ನೊಂದು ಗಂಟೆಗೆ ನಾನೂ ಅಮಲ್ದಾರರ ಮನೇಗೆ ಬರ್ತೀನಿ. ಹಿಂದಿನ ಬಾಗಿಲಿಂದ."

ಮೊದಲು ಕೆಲಸ ಹೀಗಿರಲಿಲ್ಲ. ಅವನು ಮೇಲೆ, ತುಗಿನೆಮ್ ಕೆಳಗೆ ರೇಡಿಯೋದ ಪಕ್ಕ. ಅವನು ಕಂಬ ತಿರುಗಿಸುತ್ತ ಕೂಗುತ್ತಾನೆ, ಬಂತಾ? ಕೆಳಗಿನಿಂದ ಅವಳು ಕೂಗುತ್ತಾಳೆ, ಇಲ್ಲ ಅಪ್ಪಾ, ಬರೀ ಗೊರಗೊರ. ಈಗ? ಇಲ್ಲ, ಇನ್ನೂ ಕೆಟ್ಟೋಯ್ತು, ಬಲಕ್ಕೆ ತಿರುಗ್ಸು. ಮನೆಯವರು ಮುಜುಗರದಿಂದ ಕೈ ಹಿಸುಕಿಕೊಳ್ಳುತ್ತಿದ್ದರು. ಮನೆಗೆ ಬಂದವನ ಕೆಲಸ ಕೆಟ್ಟಿದೆ ಎಂದು ಹೇಳುವುದುಂಟೆ? ಅವರನ್ನೇ ಕೇಳಿದರೆ ಮೊದಲ ಸಲಕ್ಕೇ 'ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಇಳೀರಿ, ಚಹಾ ಆರತ್ತೆ' ಎನ್ನುತ್ತಿದ್ದರು. ಅವಳು ಹೋದ ಮೇಲೆ ಅವನಿಗೆ ಸಿಗುವುದು ಅದೇ. ಎರಡು ವರ್ಷದಿಂದ ಪ್ರತಿ ಮನೆಯಲ್ಲೂ ಬಹಳ ಚೆನ್ನಾಗಿದೆ. ಇಳಿದು ಬಂದು ಕಿವಿ ಕೊಟ್ಟರೆ ಎಣ್ಣೆಯಲ್ಲಿ ಕರಿಯುವ ಸದ್ದು. ಆ ಮೇಲೆ ಮತ್ತೆ ಹತ್ತಬೇಕು, ಇಲ್ಲವೆ ಆ ನಗುಮುಖಗಳ ಮುಂದೆ ಚಹಾ ಕುಡಿದು ಹೊರಡಬೇಕು. ಎಷ್ಟೋ ಸಲ ಅವನು ಚಹಾ ಕುಡಿದು ಹೊರಟಿದ್ದಾನೆ. ಇಡೀ ತಾಲೂಕಿನಲ್ಲಿ ಈಗ ಅವನ ಕೈಯಿಂದ ಕೆಟ್ಟ ಏರಿಯಲ್ಲುಗಳು ನಿಂತಿವೆ, ಅವುಗಳ ಕೆಳಗೆ ಜನ ಗೊರಗೊರವನ್ನು ಕೇಳುತ್ತ ತಲೆದೂಗುತ್ತಿದ್ದಾರೆ. ಇದನ್ನು ನೆನೆದರೆ ಅವನಿಗೆ ಊರಿಗೆ ಊರೇ ಸುಟ್ಟುಹೋಗಲಿ ಎನ್ನುವಷ್ಟು ಸಿಟ್ಟು ಬರುತ್ತದೆ.

ಹತ್ತೂವರೆಗೆ ತಂತಿ ಹಲಸಿನಿಂದ ಹೊರಟು ಉತ್ತರದ ಹೆಬ್ಬಾಗಿಲ ಪಕ್ಕ ನೆಟ್ಟ ಹೊಸ ಬಿದಿರಿಗೆ ತಲುಪಿತು. ಎದುರಿನ ಗುಡ್ಡಕ್ಕೆ ಗುರಿಯಿಟ್ಟಂತೆ ನೆಟ್ಟಗೆ. ತಿರ್ತೊ ಹೊರಬಂದು, ಬೆನ್ನ ಹಿಂದೆ ಕೈ ಕಟ್ಟಿ, ತಂತಿಯನ್ನು ತುದಿಯಿಂದ ತುದಿಯವರೆಗೆ ನೋಡಿ ಸಂತೋಷಪಟ್ಟರು. "ಈಗ ಲಕ್ಷಣವಾಗಿದೆ" ಎಂದರು. ಆಮೇಲೆ, ಏನೋ ಈಗ ತಾನೇ ನೆನಪಾದವರಂತೆ, "ಇವತ್ತು ರೇಡಿಯೋದಲ್ಲಿ ಹಾಡೋಳು ನಿಮ್ಮ ಪಕ್ಕದ ಮನೆ ಹುಡುಗಿ ಅಲ್ವೇನಯ್ಯ?" ಎಂದರು.

ಮಾರ್ತೊಯೊ ಏಣಿಯ ಕೊನೆಯ ಮೆಟ್ಟಿಲಲ್ಲಿದ್ದ. "ಹೂಂ ದೊರೆ" ಎಂದ.

ಎರಡು ವರ್ಷದ ಹಿಂದೆ, ಮಗಳನ್ನು ಹುಡುಕಿಕೊಂಡು ಬಸ್ಸಿನಲ್ಲಿ ಸೋಲೋ ತಲುಪುವಷ್ಟರಲ್ಲಿ ಅವನ ಬಾಯಲ್ಲಿ ಬೈಗುಳ ಹುಳಿಯಾಗಿ ಕೂತಿತ್ತು. ಹದಿನೆಂಟು ತುಂಬಿದ ಮಗಳು ಹೇಳದೆ ಕೇಳದೆ ಹೋಗಿರಲಿಲ್ಲ, ಹೇಳಿಯೇ ಹೋಗಿದ್ದಳು; ಅದು ಅವಳ ರೋಗ, ಇದ್ದದ್ದನ್ನು ಇದ್ದಂತೆ ಹೇಳುವುದು. ನಾನು ಹಾಡು ಕಲೀಬೇಕು ಅಪ್ಪಾ, ಇಲ್ಲಿದ್ರೆ ನನ್ನ ಗಂಟಲು ಸತ್ತೋಗತ್ತೆ. ಗಾಮೆಲಾನ್ ಮೇಳದ ಮುಂದೆ ಕೂತು ಹಾಡುವ ಹೆಂಗಸರ ಬಗ್ಗೆ ಊರಿನ ಗಂಡಸರು ಏನೇನು ಮಾತಾಡುತ್ತಾರೆಂಬುದು ಅವನಿಗೆ ಗೊತ್ತಿತ್ತು, ಅವನೂ ಆಡಿದ್ದ, ಚಹಾದಂಗಡಿಯ ಬೆಂಚಿನ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಗುರುವಿನ ಮನೆಯ ಚಾವಡಿಯಲ್ಲಿ ಕಂಚಿನ ವಾದ್ಯಗಳ ನಡುವೆ ಚಾಪೆಯ ಮೇಲೆ ಅವಳು ಕಾಲು ಮಡಿಸಿ ಕೂತಿದ್ದಳು. ಅವನು ಹೋಗಿ ಅವಳ ಜುಟ್ಟು ಹಿಡಿದು ಎಳೆದು ತರಬೇಕೆಂದು ಎರಡು ಹೆಜ್ಜೆ ಇಟ್ಟ. ಆಗ ಕಂಡರು, ಅತಿಥಿಗಳ ಕುರ್ಚಿಯಲ್ಲಿ, ಚಹಾದ ಬಟ್ಟಲು ಹಿಡಿದು, ರಾದೆನ್ ತಿರ್ತೊ. ಗುರುಗಳು ಸೌಜನ್ಯದಿಂದ ಎದ್ದು, "ಬನ್ನಿ ಬನ್ನಿ. ಇವಳು ತಮ್ಮ ಮಗಳೇ?" ಎಂದರು. ಮಾರ್ತೊಯೊನ ಬೆನ್ನು ತಾನಾಗಿ ಬಾಗಿತು. ತನಗೆ ಗೊತ್ತಿದ್ದ ಅತ್ಯಂತ ನಯವಾದ, ಅರಮನೆಯಲ್ಲಿ ಆಡುವಂಥ ಮಾತಿನಲ್ಲಿ ಅವನು ಹೇಳಿದ: "ಹಾಗೇನಿಲ್ಲ, ಈಕೆ ನಮ್ಮ ಪಕ್ಕದ ಮನೆಯವರ ಹುಡುಗಿ. ಈ ಕಡೆ ಬಂದಿದ್ದೆ, ಅವರ ಮನೆಯವರು ಕ್ಷೇಮ ವಿಚಾರಿಸಿಕೊಂಡು ಬಾ ಎಂದಿದ್ದರು."

ಇದ್ದದ್ದನ್ನು ಇದ್ದಂತೆ ಹೇಳುವವಳು ತಲೆ ಎತ್ತಿ ಅವನನ್ನು ನೋಡಿದಳು. ಅವನು ಕಾದ. ಈಗ ಹೇಳುತ್ತಾಳೆ, ಎಲ್ಲರ ಮುಂದೆ ಹೇಳುತ್ತಾಳೆ, ಸುಳ್ಳು ಹೇಳ್ತಿದಾನೆ, ಇವನು ನಮ್ಮಪ್ಪ. ಹೇಳಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಕಣ್ಣು ಕೆಳಗೆ ಮಾಡಿ, "ಹೌದು ಗುರುಗಳೇ, ಪಕ್ಕದ ಮನೆಯೋರು" ಎಂದಳು. ಎದ್ದು ಹೋಗಿ ಬೇರೆಯವರಿಗೆ ತಂದುಕೊಡುವಂತೆ ಎರಡು ಕೈಯಲ್ಲಿ ಚಹಾ ತಂದುಕೊಟ್ಟಳು. ಅವನು ಕುಡಿದ. ಸಕ್ಕರೆ ಸರಿಯಾಗಿತ್ತು, ಮಲ್ಲಿಗೆಯ ವಾಸನೆಯಿತ್ತು, ಪೂರ್ತಿ ಕುಡಿದ. ಅವಳ ಬಾಯಿಂದ ಅವನು ಕೇಳಿದ ಮೊದಲ ಸುಳ್ಳು ಅದು. ಅವನೇ ಕಲಿಸಿದ್ದು.

ಹನ್ನೊಂದಕ್ಕೆ ಚಾವಡಿ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ತಿರ್ತೊ ಮತ್ತು ಅವರಂತೆಯೇ ನಿವೃತ್ತರಾದ ಇಬ್ಬರು, ಹಿಂದೆ ಚಾಪೆಯ ಮೇಲೆ ಅಕ್ಕಪಕ್ಕದ ಗಂಡಸರು, ಅಡುಗೆಮನೆಯ ಬಾಗಿಲ ಬಳಿ ಬರಿ ನೆಲದ ಮೇಲೆ ಆಳುಗಳ ಜೊತೆ ಹೆಂಗಸರು. ಸಮಿರಾ ಕಂಬಕ್ಕೆ ಒರಗದೆ ಕೂತಿದ್ದಳು. ಮದುವೆಗೆ ಉಡುವ ಬಾಟಿಕ್ ಉಟ್ಟಿದ್ದಳು. ಅದನ್ನು ನೋಡಿ ಮಾರ್ತೊಯೊನಿಗೆ ಸಿಟ್ಟು ಬಂತು: ಯಾರು ಹೇಳಿದರು ಇವಳಿಗೆ ಅದನ್ನು ಉಟ್ಟು ಬಂದು ನೆಲದ ಮೇಲೆ ಕೂರು ಅಂತ? ಮೇಜಿನ ಮೇಲೆ ಜರ್ಮನಿಯ ದೊಡ್ಡ ರೇಡಿಯೋ. ಅದರ ಹಣೆಯ ಮೇಲೆ ಒಂದು ಹಸಿರು ಕಣ್ಣು. ನಿಲಯ ಚೆನ್ನಾಗಿ ಸಿಕ್ಕಿದರೆ ಆ ಕಣ್ಣು ಕೂಡಿಕೊಂಡು ಮುಚ್ಚುತ್ತದೆ, ಸಿಗದಿದ್ದರೆ ಬಿರಿದುಕೊಂಡೇ ಇರುತ್ತದೆ. ಇಡೀ ಮನೆಯಲ್ಲಿ ಮುಖ ನೋಡಿ ಮಾತಾಡದ ವಸ್ತು ಅದೊಂದೇ. ತಿರ್ತೊ ಬಿರಡೆ ತಿರುಗಿಸಿದರು. ಗೊರಗೊರದ ತಳದಲ್ಲೆಲ್ಲೋ ಕಂಚಿನ ಸದ್ದು ಎದ್ದು ಮುಳುಗಿತು. ಕಣ್ಣು ಬಿರಿದೇ ಇತ್ತು.

"ಸ್ಪಷ್ಟವಾಗಿದೆ" ಎಂದರು ಕುರ್ಚಿಯ ಒಬ್ಬರು.

"ಪಕ್ಕದಲ್ಲೇ ಕೂತು ಬಾರಿಸಿದ ಹಾಗಿದೆ" ಎಂದರು ಇನ್ನೊಬ್ಬರು.

"ನೆಟ್ಟಗೆ ಅರಮನೆ ಕಡೆಗೆ ಕಟ್ಟಿಸ್ದೆ, ಅದಕ್ಕೆ" ಎಂದು ತಿರ್ತೊ ಕಾಲ ಮೇಲೆ ಕಾಲು ಹಾಕಿದರು. ಚಾಪೆಯ ಮೇಲಿನ ತಲೆಗಳು ಆಡಿದವು. ಮಾರ್ತೊಯೊ ಮೆಟ್ಟಿಲ ಕೆಳಗೆ, ಚಪ್ಪಲಿಗಳ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ. ಅವನ ತಲೆಯೂ ಆಡಿತು. ಆಡುವುದನ್ನು ನಿಲ್ಲಿಸಲು ಅವನು ಹಲ್ಲು ಕಚ್ಚಬೇಕಾಯಿತು. ಮೊದಲನೆಯ ಕೃತಿ ಹೀಗೇ ಮುಗಿಯಿತು, ಎಣ್ಣೆ ಕಾದ ಬಾಣಲೆಯಲ್ಲಿ. ಪ್ರಸಾರಕನ ಮಾತು ತುಂಡುತುಂಡಾಗಿ ಬಂತು: ಮುಂದಿನದು... ಮೊದಲ ಬಾರಿಗೆ... ತುಗಿನೆಮ್... ಮತ್ತೆ ಗುಡ್ಡ ಅಡ್ಡ ಬಂತು.

"ಏನೂ ಕೇಳ್ತಿಲ್ಲ."

ಹೆಂಗಸಿನ ದನಿ. ಜೋರಾಗಿರಲಿಲ್ಲ. ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು. ಸಮಿರಾ ಎದ್ದು ನಿಂತಿದ್ದಳು, ಕುರ್ಚಿಗಳಿಗಿಂತ ಎತ್ತರವಾಗಿ, ಇಂಥ ಮನೆಯಲ್ಲಿ ಯಾವ ಹೆಂಗಸೂ ನಿಲ್ಲದ ಹಾಗೆ. "ಬರೀ ಗೊರಗೊರ" ಎಂದಳು. "ತಂತಿ ಕಟ್ಟಿರೋದೇ ಸರಿಯಿಲ್ಲ. ಕಟ್ಟಿದೋರಿಗೂ ಅದು ಗೊತ್ತು."

ತಿರ್ತೊ ಮುಗುಳ್ನಗುತ್ತಲೇ ಇದ್ದರು. ಅವರ ಸಿಟ್ಟು ನಗುವಿನ ಹಿಂದೆಯೇ ಇರುತ್ತದೆಂದು ಊರಿಗೆ ಗೊತ್ತು. ಮಾರ್ತೊಯೊನಿಗೆ ಅವಮಾನದಿಂದ ಕಿವಿ ಉರಿಯಿತು. ಈಗ ಕ್ಷಮೆ ಕೇಳಬೇಕು, ಹೆಂಗಸು, ತಿಳುವಳಿಕೆಯಿಲ್ಲ, ಎನ್ನಬೇಕು, ಮಾತು ನಾಲಿಗೆಯ ತುದಿಗೆ ಬಂದು ಕೂತೂ ಇತ್ತು. ಆದರೆ ಎದ್ದ ಕಾಲು ಚಾವಡಿಯ ಕಡೆ ಹೋಗಲಿಲ್ಲ. ಅಂಗಳಕ್ಕೆ ಹೋಯಿತು. ಓಡಿತು. ಹೆಬ್ಬಾಗಿಲ ಬಿದಿರಿನಿಂದ ತಂತಿಯ ತುದಿಯನ್ನು ಬಿಚ್ಚಿ, ಬೀಳುವ ಮೊದಲೇ ಹಿಡಿದು, ಅಡುಗೆಮನೆಯ ತಗಡಿನ ಮಾಡಿನ ಮೇಲಿಂದ ಹಾರಿಸಿಕೊಂಡು, ಕಣಜದ ಹತ್ತಿರ ಬಂದು ಅವನು ಬೆಳವದ ಹಗ್ಗಕ್ಕೆ ಕೈ ಹಾಕಿದ. ಹಿಂದಿನಿಂದ ಆಳೊಬ್ಬ "ಅಯ್ಯೋ, ಅವರನ್ನ ಮುಟ್ಬೇಡ" ಎಂದ. ಪಂಜರ ಗಿರಗಿರ ಇಳಿಯಿತು. ಕ್ಯಾಯಿ ಮೆಂಡುಂಗ್ ರೆಕ್ಕೆ ಬಡಿದು ಒಂದು ಹಿಡಿ ಧೂಳೆಬ್ಬಿಸಿದರು. ಮಾರ್ತೊಯೊ ಅವರನ್ನು ಕೊಂಡಿಯಿಂದ ಬಿಡಿಸಿ ನೆಲಕ್ಕೆ, ಕೋಳಿಗಳ ನಡುವೆ ಇಟ್ಟ. ಕೊಂಡಿಗೆ ಪಿಂಗಾಣಿ ಗುಂಡು ಸಿಕ್ಕಿಸಿ ಹಗ್ಗ ಎಳೆದ. ತಂತಿ ಮಾಡಿನಿಂದ ಎದ್ದಿತು, ಕಣಜದ ನೆತ್ತಿ ದಾಟಿತು, ರಾಟೆಯವರೆಗೂ ಹೋಗಿ ಬಿಗಿಯಾಗಿ ನಿಂತಿತು. ಪಡುವಣದಿಂದ ಮೂಡಣಕ್ಕೆ, ಎರಡೂ ಕೈ ಅಗಲಿಸಿ.

ಹಗ್ಗ ಸುತ್ತಿ ಕಟ್ಟಲು ಕಂಬದಲ್ಲಿದ್ದ ಗೂಟ ಒಂದು ಹಕ್ಕಿಯ ಭಾರಕ್ಕೆ ಹೊಡೆದದ್ದು. ಮೊದಲ ಸುತ್ತಿಗೇ ಅದು ಕಿತ್ತು ಕೈಗೆ ಬಂತು. ಬೇರೆ ಕಟ್ಟಲು ಜಾಗವಿರಲಿಲ್ಲ, ಹೊತ್ತೂ ಇರಲಿಲ್ಲ. ಹಗ್ಗ ಬಿಟ್ಟರೆ ತಂತಿ ತಗಡಿನ ಮೇಲೆ ಬೀಳುತ್ತದೆ, ಬಿದ್ದರೆ ಎಲ್ಲ ಮುಗಿಯಿತು. ಅವನು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಹಿಮ್ಮಡಿ ಊರಿ ನಿಂತ. "ಬಂತಾ?" ಎಂದು ಕೂಗಿದ. ಎರಡು ವರ್ಷದ ಮೇಲೆ ಆ ಕೂಗು ಅವನ ಬಾಯಿಂದ ಹಾಗೆ ಬಂದದ್ದಕ್ಕೆ ಅವನಿಗೇ ಗಾಬರಿಯಾಯಿತು. ಚಾವಡಿ ಅಲ್ಲಿಂದ ಐವತ್ತು ಹೆಜ್ಜೆ, ನಡುವೆ ಕಣಜ. ಚಾವಡಿಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಅಲ್ಲಿ ಚಾಪೆಯ ಮೇಲಿನ ತಲೆಗಳು ಆಡುವುದನ್ನು ನಿಲ್ಲಿಸಿದ್ದವು. ಒಬ್ಬ ಬಾಯಿಗೆ ಒಯ್ದ ಬಾಳೆಹಣ್ಣಿನ ಬೋಂಡಾವನ್ನು ಹಾಗೇ ಹಿಡಿದಿದ್ದ. ಸಮಿರಾಳ ಬೆನ್ನು ಕಾಣುತ್ತಿತ್ತು. ಅವಳು ಇನ್ನೂ ನಿಂತೇ ಇದ್ದಳು. ಅವಳ ಭುಜ ಒಮ್ಮೆ ಮೇಲೆದ್ದು ಇಳಿಯಿತು. ಹಾಗಾದರೆ ಬಂದಿದೆ.

ಅವನು ಕಿವಿ ಕೊಟ್ಟ. ಕೋಳಿಗಳ ಕೆದಕಾಟ. ಅಡುಗೆಮನೆಯಲ್ಲಿ ಕುದಿಯುವ ನೀರು. ಆಮೇಲೆ ಕಾಲ ಬಳಿ, ಪಂಜರದೊಳಗೆ, ಆ ಹಕ್ಕಿ ಗಂಟಲು ಉಬ್ಬಿಸಿ ಹಾಡಲು ಶುರುಮಾಡಿತು. ಊರಿನ ದೊಡ್ಡವರೆಲ್ಲ ಬೆಳಗಾಗೆದ್ದು ಕೇಳಲು ಬರುವ ಹಾಡು. ಕೂರ್ ಕೆಟೆಕ್ ಕೂರ್, ಕೂರ್ ಕೆಟೆಕ್ ಕೂರ್, ನಿಲ್ಲಿಸದೆ. "ಮುಚ್ಚು ಬಾಯಿ" ಎಂದ ಮಾರ್ತೊಯೊ. "ಮುಚ್ಚೋ, ಮುಂಡೇದೇ." ಒದೆಯಲು ಕಾಲು ಚಾಚಿದರೆ ಹಗ್ಗ ಜಾರುತ್ತಿತ್ತು. ಹಗ್ಗ ಚರ್ಮ ಸುಲಿದು ಮಾಂಸಕ್ಕೆ ಇಳಿಯುತ್ತಿತ್ತು. ಇಳಿಯಲಿ ಎಂದುಕೊಂಡ, ಇನ್ನೂ ಇಳಿಯಲಿ. ಮಗಳ ದನಿ ಗುಡ್ಡ ಹತ್ತಿ ಇಳಿದು, ತಲೆಯ ಮೇಲಿನ ಈ ತಂತಿಯಲ್ಲಿ, ಅವಳು ಬೆಸೆದ ಆ ಗಂಟಿನ ಮೂಲಕವೇ ಹಾದು ಹೋಗುತ್ತಿದೆ, ಹೋಗಿ ಅಮಲ್ದಾರರ ಕಿವಿಗೆ ಬೀಳುತ್ತಿದೆ, ಬೋಂಡಾ ತಿನ್ನುವವನ ಕಿವಿಗೆ ಬೀಳುತ್ತಿದೆ. ಅದನ್ನು ಎತ್ತಿ ಹಿಡಿದವನಿಗೆ ಮಾತ್ರ ಬೆಳವ. ಅವನಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ಚಹಾವನ್ನು ಪೂರ್ತಿ ಕುಡಿದ ಆ ಮನುಷ್ಯನ ಮೇಲೆ, ಅವನ ಬಾಗಿದ ಬೆನ್ನಿನ ಮೇಲೆ. ಅವನು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಇಪ್ಪತ್ತು ನಿಮಿಷ ಹಿಡಿದ.

ಚಾವಡಿಯಲ್ಲಿ ಜನ ಕದಲಿದಾಗ ಮುಗಿಯಿತೆಂದು ಗೊತ್ತಾಯಿತು. ತಿರ್ತೊ ಬೆತ್ತ ಊರಿಕೊಂಡು ಕಣಜದವರೆಗೂ ನಡೆದು ಬಂದರು, ಅವರ ಹಿಂದೆ ಇನ್ನಿಬ್ಬರು. ಮೊದಲು ಪಂಜರದ ಹತ್ತಿರ ಬಗ್ಗಿ ಹಕ್ಕಿಯನ್ನು ನೋಡಿದರು. ಆಮೇಲೆ ಮಾರ್ತೊಯೊನ ಕೈಯ ರಕ್ತವನ್ನು ನೋಡಿ, ನೋಡದವರಂತೆ ಮುಖ ಎತ್ತಿದರು.

"ಚೆನ್ನಾಗಿ ಹಾಡಿದಳಯ್ಯ, ನಿಮ್ಮ ಪಕ್ಕದ ಮನೆ ಹುಡುಗಿ" ಎಂದರು.

"ಅಲ್ಲ ದೊರೆ" ಎಂದ ಮಾರ್ತೊಯೊ. "ಪಕ್ಕದ ಮನೆಯವಳಲ್ಲ. ಅವಳು ನನ್ನ ಮಗಳು."

ಹಿಂದಿದ್ದ ಇಬ್ಬರು ನೆಲ ನೋಡಿದರು. ತಿರ್ತೊ ಮಾತ್ರ ಇನ್ನಷ್ಟು ಸೌಮ್ಯವಾದರು. "ಅದು ನಂಗೆ ಅವತ್ತೇ ಗೊತ್ತಿತ್ತಪ್ಪ. ನಿಮ್ಮಮ್ಮನ ಮೂಗೇ ಅವಳಿಗೆ. ನೀನು ಹಾಗಂದಿದ್ದು ಒಳ್ಳೇದೇ ಆಯ್ತು ಅನ್ಕೊಂಡೆ. ನಮ್ಮನೇಲಿ ಭತ್ತ ಕುಟ್ಟಿದೋಳ ಮೊಮ್ಮಗಳು ಅಂತಾಗಿದ್ರೆ ನಂಗೂ ಮುಜುಗರ ಆಗ್ತಿತ್ತು. ಮರ್ಯಾದೆ ತಿಳ್ದೋನು ನೀನು ಅಂತ ಅವತ್ತಿಂದ ನಿನ್ನ ಮೇಲೆ ಒಂದು ಅಭಿಮಾನ ನಂಗೆ." ಬೆತ್ತದಿಂದ ಕಂಬದ ಬುಡ ತಟ್ಟಿದರು. "ಆಯ್ತು, ಇನ್ನು ಅವರನ್ನ ಮೇಲಕ್ಕೆ ಏರಿಸು. ತಂತಿ ಇತ್ತಲ್ಲ, ಮೊದಲಿನ ಹಾಗೇ ಕಟ್ಟಿಬಿಡು. ನೋಡೋಕೆ ಅದೇ ಚಂದ."

ಎರಡು ವರ್ಷ ಆ ಚಹಾವನ್ನು ನೆನೆದು ಅವನು ನೆಲ ನೋಡಿ ನಡೆದಿದ್ದ. ಅಷ್ಟೂ ದಿನ ಈ ಮನುಷ್ಯ ಅದಕ್ಕಾಗಿ ಅವನ ಮೇಲೆ ಅಭಿಮಾನ ಇಟ್ಟುಕೊಂಡಿದ್ದರು.

"ಕಟ್ಟಲ್ಲ" ಎಂದ.

"ಏನಂದೆ?"

"ಕಟ್ಟಲ್ಲ ದೊರೆ. ಹಾಗೆ ಕಟ್ಟಿದ್ರೆ ಕೇಳಲ್ಲ. ಬೆಳಿಗ್ಗೆ ತಾವು ಹೇಳಿದಾಗ್ಲೇ ನಂಗೆ ಗೊತ್ತಿತ್ತು. ತಮಗೆ ಮುಂದಿನ ವಾರ ಹೊಸ ತಂತಿ ತರಿಸಿ ಕಟ್ತೀನಿ, ಅಡ್ಡ ಕಟ್ಟೋದಾದ್ರೆ. ಇದು ನಮ್ಮನೇದು." ಅವನು ಹಗ್ಗ ಬಿಟ್ಟ. ತಂತಿ ಸುಯ್ಯೆಂದು ಬಂದು ತಗಡಿನ ಮಾಡಿನ ಮೇಲೆ ಬಿತ್ತು; ಚಾವಡಿಯ ಕಡೆಯಿಂದ ರೇಡಿಯೋ ಒಮ್ಮೆ ಕಿರುಚಿ ಗೊರಗೊರಕ್ಕೆ ಇಳಿಯಿತು. ಎಲ್ಲರ ಎದುರಿಗೆ, ಹಲಸಿನ ಮರ ಹತ್ತಿ ಇಳಿದು, ಅವನು ತಂತಿಯನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತುತ್ತ ಸುರುಳಿ ಮಾಡಿದ. ಅವಸರ ಮಾಡಲಿಲ್ಲ. ಹೆಬ್ಬಾಗಿಲಲ್ಲಿ ತಿರುಗಿ ನೋಡಿದಾಗ ರಾದೆನ್ ತಿರ್ತೊ ಪಂಜರವನ್ನು ತಾವೇ ಎತ್ತಿಕೊಂಡು, ಕಿತ್ತುಹೋದ ಗೂಟವನ್ನು ಹುಡುಕುತ್ತ ಬಗ್ಗಿ ನಿಂತಿದ್ದರು.

ಗದ್ದೆಯ ಬದುವಿನ ಮೇಲೆ ಸಮಿರಾ ಮುಂದೆ ನಡೆದಳು, ಅವನು ಹಿಂದೆ. ಯಾವತ್ತೂ ಹಾಗೆ ನಡೆದಿರಲಿಲ್ಲ. ಏನು ಹಾಡಿದಳು, ಎಂದು ಅವನು ಒಂದು ಸಲ ಕೇಳಿದ. ಅವಳು ನಿಲ್ಲದೆ, "ಹೇಳೋಕೆ ನಂಗೆ ಹಾಡು ಬರಲ್ಲ" ಎಂದಳು. ಇನ್ನೊಂದು ಸ್ವಲ್ಪ ದೂರ ಹೋದ ಮೇಲೆ, "ಹೆದರಿದ್ಲು. ಮೊದಲ್ನೇ ಸಾಲಲ್ಲಿ ಉಸಿರು ಸಾಲ್ದೇ ಹೋಯ್ತು. ಆಮೇಲೆ ಹೆದರಲಿಲ್ಲ" ಎಂದಳು. ಅದಕ್ಕಿಂತ ಹೆಚ್ಚು ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಮನೆ ತಲುಪಿ ನೀರೂ ಕುಡಿಯದೆ ಅವನು ಕೊಟ್ಟಿಗೆಯಿಂದ ಹಳೆಯ ಬಿದಿರುಗಳನ್ನು ಎಳೆದು ಹಾಕಿದ. ಒಂದನ್ನು ಹುಳು ತಿಂದಿತ್ತು, ಇನ್ನೊಂದು ಗಟ್ಟಿಯಿತ್ತು. ಮಾಡಿನ ಮೇಲೆ ಹತ್ತಿ, ತೆಂಗಿನ ಮರಕ್ಕೂ ಬಿದಿರಿಗೂ ನಡುವೆ ತಂತಿ ಎಳೆದು, ಇಳಿಬಿಟ್ಟ ತುದಿಯನ್ನು ಕಿಟಕಿಯಿಂದ ಒಳಗೆ ಹಾಕಲು ಕೆಳಗಿಳಿದಾಗ, ಸಮಿರಾ ಮೂಲೆಯ ಮೇಜಿನ ಮೇಲಿದ್ದ ತಮ್ಮ ರೇಡಿಯೋದ ಮುಸುಕು ತೆಗೆದಿದ್ದಳು. ಎರಡು ವರ್ಷದಿಂದ ಅವನು ಮುಟ್ಟದ ರೇಡಿಯೋ. ಧೂಳಿರಲಿಲ್ಲ. ಬ್ಯಾಟರಿಯ ತಂತಿಗಳು ಹೊಳೆಯುತ್ತಿದ್ದವು. ಗಾಜಿನ ಹಿಂದಿನ ಮುಳ್ಳು ಸೋಲೋ ನಿಲಯದ ಮೇಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ, ನಿಂತಿತ್ತು. ಪೆಟ್ಟಿಗೆಯ ಬದಿಯಲ್ಲಿ, ಧ್ವನಿ ಬರುವ ಬಟ್ಟೆ ಇರುವ ಕಡೆ, ಒಂದು ಕಿವಿಯ ಅಗಲಕ್ಕೆ ಮೆರುಗೆಣ್ಣೆ ಸವೆದಿತ್ತು. ಅವನು ಹಳ್ಳಿಹಳ್ಳಿ ತಿರುಗಿ ಮಂದಿಯ ಮನೆಗೆ ತಂತಿ ಕಟ್ಟುತ್ತಿದ್ದ ಹಗಲುಗಳಲ್ಲೆಲ್ಲ ಅವಳು ಏರಿಯಲ್ ಇಲ್ಲದ ಈ ಪೆಟ್ಟಿಗೆಗೆ ಕಿವಿ ಒತ್ತಿಕೊಂಡು ಕೂತಿದ್ದಳು, ಗೊರಗೊರದೊಳಗೆ ಮಗಳ ಹೆಸರೇನಾದರೂ ಬರುತ್ತದೇನೋ ಎಂದು. ಅವನು ಆ ಸವೆದ ಜಾಗವನ್ನು ನೋಡಿದ. ಅವಳು ಅದನ್ನು ಮರೆಮಾಡಲಿಲ್ಲ.

ಅವನು ಮತ್ತೆ ಹತ್ತಿದ. ಹೆಂಚು ಅಂಗಾಲನ್ನು ಸುಡುತ್ತಿತ್ತು. ಇವತ್ತಿನ ಹಾಡು ಮುಗಿದಿದೆ. ಮೇಳದ ಸರದಿ ಇನ್ನು ಮೂವತ್ತೈದು ದಿನಕ್ಕೆ, ಅವಳನ್ನು ಮತ್ತೆ ಕೂರಿಸಿದರೆ. ಸೋಲೋದಿಂದ ಈ ಹೊತ್ತಿನಲ್ಲಿ ಬರುವುದು ಗದ್ದೆಯ ಇಲಿಗಳನ್ನು ಹಿಡಿಯುವುದು ಹೇಗೆ ಎಂಬ ಭಾಷಣ. ಇರಲಿ. ಅವನು ಸುಲಿದ ಕೈಗೆ ಲುಂಗಿಯ ಚುಂಗು ಸುತ್ತಿ ಬಿದಿರನ್ನು ತಬ್ಬಿ ಹಿಡಿದು, ಉತ್ತರದ ಗುಡ್ಡಕ್ಕೆ ಅಡ್ಡವಾಗಿ ಕಣ್ಣಳತೆಯಲ್ಲಿ ತಿರುಗಿಸಿದ.

"ಬಂ—" ಎಂದವನು ನಿಲ್ಲಿಸಿ, ಉಸಿರು ತೆಗೆದುಕೊಂಡು, ಎರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಮಾತನ್ನು ಕೂಗಿದ. "ಬಂತಾ, ನೆಮ್ ಅಮ್ಮಾ?"

ಅವನು ಬಿದಿರು ಹಿಡಿದು ಕಾದ.

"ಇಲ್ಲ" ಎಂದಳು. "ಕೆಟ್ಟದಾಗಿದೆ. ಇನ್ನೂ ತಿರುಗ್ಸಿ."

ಅವನು ತಿರುಗಿಸಿದ.